ಮರಿಸಿದ್ದಯ್ಯನ ಕೈಗುಣ

ಡಾಕ್ಟರ ಚೀಟಿ ಇಲ್ಲದೆ ಯಾರಿಗೂ ಒಂದು ತೊಟ್ಟು ಔಷಧಿ ಕೊಟ್ಟವನಲ್ಲ ಎಂಬುದು ನಮ್ಮೂರಿನ ದವಾಖಾನೆಯ ಕಾಂಪೌಂಡರ್ ಮರಿಸಿದ್ದಯ್ಯನ ಇಪ್ಪತ್ತೆರಡು ವರ್ಷದ ಹೆಗ್ಗಳಿಕೆ. ಸ್ವಂತ ಅತ್ತೆ ಹೊಟ್ಟೆ ಹಿಡಿದುಕೊಂಡು ಬಂದು ಔಷಧಿ ಕಿಟಕಿಯ ಮುಂದೆ ಕುಕ್ಕರಿಸಿದಾಗಲೂ ಅವನು, "ಚೀಟಿ ತಕಬನ್ನಿ ಅತ್ತೆ" ಎಂದಿದ್ದ. ಡಾಕ್ಟರು ಅಂದು ರಜ. ಅತ್ತೆ ಚೀಟಿ ತರಲಿಲ್ಲ. ಮುಂದೆ ಮೂರು ವರ್ಷ ಮಗಳ ಮನೆಗೂ ಬರಲಿಲ್ಲ. ಅವನ ಹೆಂಡತಿ ಇಂದ್ರಮ್ಮ ಆ ಮೂರು ವರ್ಷವೂ ಗಂಡ ಉಪ್ಪು ಕೇಳಿದಾಗಲೆಲ್ಲ, "ಚೀಟಿ ಅದಾ?" ಎಂದು ಕೇಳುತ್ತಿದ್ದಳು.

ಊರು ಗಾಣದಕೊಪ್ಪಲು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಒಂದೂವರೆ ಮೈಲಿ ಒಳಕ್ಕೆ ನಡೆದರೆ ಸಿಗುತ್ತದೆ. ನಾನು ಅಲ್ಲಿಯ ಸ್ಕೂಲ್ ಮೇಷ್ಟ್ರು. ಸ್ಕೂಲಿಗೂ ದವಾಖಾನೆಗೂ ಮಧ್ಯೆ ಒಂದು ಮೋಟುಗೋಡೆ, ಒಂದು ಹೊಂಗೆಮರ. ಹಾಗಾಗಿ ನಾನು ಹೇಳುವುದೆಲ್ಲ ಕಣ್ಣಾರೆ ಕಂಡದ್ದು. ನನಗೂ ಆ ದವಾಖಾನೆಗೂ ಒಂದು ವ್ಯಾಜ್ಯವಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಔಷಧಿಗೆ ಬರುವವರು ಸೀಸೆಯನ್ನು ಮನೆಯಿಂದ ತರಬೇಕು. ಸೀಸೆ ತರುತ್ತಿದ್ದರು, ಬಿರಡೆ ತರುತ್ತಿರಲಿಲ್ಲ. ಕೈಗೆ ಸಿಕ್ಕಿದ ಕಾಗದವನ್ನು ಸುರುಳಿ ಸುತ್ತಿ ಸೀಸೆಯ ಬಾಯಿಗೆ ತುರುಕುವುದು ಊರಿನ ಪದ್ಧತಿ. ಆ ಕಾಗದ ನಮ್ಮ ಸ್ಕೂಲಿನ ಕಾಪಿ ಪುಸ್ತಕದಿಂದ ಬರುತ್ತಿತ್ತು. ಮೂರನೇ ಕ್ಲಾಸಿನ ಮಗ್ಗಿಯೆಲ್ಲ ಕ್ವಿನೈನಿನಲ್ಲಿ ನೆಂದುಹೋಗಿತ್ತು.

ಸಾವಿರದ ಒಂಬೈನೂರ ನಲವತ್ತನಾಲ್ಕನೇ ಇಸವಿ. ನಾಲೆಯ ನೀರು ಬಂದು ಹೊಲವೆಲ್ಲ ಗದ್ದೆಯಾಗಿತ್ತು. ಗದ್ದೆಯ ಹಿಂದೆ ಸೊಳ್ಳೆ ಬಂತು, ಸೊಳ್ಳೆಯ ಹಿಂದೆ ಚಳಿಜ್ವರ. ಅದೇ ಸಮಯ ನೋಡಿ ನಮ್ಮ ಡಾಕ್ಟರು ಯುದ್ಧಕ್ಕೆ ಹೊರಟುಹೋದರು. ಕ್ವಿನೈನ್ ನಮ್ಮೂರ ಬೀರುವಿನಲ್ಲಿ, ಅದಕ್ಕೆ ಚೀಟಿ ಬರೆಯುವ ಕೈ ಬರ್ಮಾ ಗಡಿಯಲ್ಲಿ.

ಆಗ ದೇವಯ್ಯನಿಗೆ ಜ್ವರ ಬಂತು. ಎಳೆ ಪ್ರಾಯದ ಆಳು, ಎತ್ತಿನ ಕೊಂಬು ಹಿಡಿದು ನಿಲ್ಲಿಸುವವನು. ಅವನನ್ನು ಕಂಬಳಿಯಲ್ಲಿ ಸುತ್ತಿ ಕಿಟಕಿಯ ಮುಂದೆ ಕೂರಿಸಿದರು. ಮರಿಸಿದ್ದಯ್ಯ ಬೀರು ನೋಡಿದ, ದೇವಯ್ಯನನ್ನು ನೋಡಿದ, ಕೊನೆಗೆ, "ಚೀಟಿ ಇಲ್ದೆ ಆಗಕಿಲ್ಲ ಕಣಪ್ಪ. ಮಂಡ್ಯಕ್ಕೆ ಓಗಿ" ಎಂದ. ಗಾಡಿ ಕಟ್ಟಿಕೊಂಡು ಹೋದರು. ಆರನೇ ದಿನ ದೇವಯ್ಯ ವಾಪಸು ಬಂದ. ಬದುಕಿ ಬಂದ, ಆದರೆ ಅರ್ಧ ಆಳಾಗಿ ಬಂದ. ಅವನನ್ನು ಕಂಡು ನಾನು ಬೆಚ್ಚಿಬಿದ್ದೆ. ಮರಿಸಿದ್ದಯ್ಯ ಮೋಟುಗೋಡೆಯ ಮೇಲೆ ಕೂತು, "ಔಸ್ತಿ ಮಗ್ಗುಲಾಗೆ ಮಡಿಕೊಂಡು ಆಳು ಸಾಯಕ್ ಬುಟ್ನಲ್ಲ ಮೇಷ್ಟ್ರೆ" ಎಂದು ಕಣ್ಣೊರೆಸಿಕೊಂಡ. ನನಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತು ಕೂಡ.

ಎರಡು ತಿಂಗಳ ಮೇಲೆ ಸರ್ಕಾರದ ಆರ್ಡರು ಬಂತು. ಇಂಗ್ಲಿಷಿನಲ್ಲಿತ್ತು, ಓದಲು ನನ್ನ ಹತ್ತಿರ ತಂದ. ಡಾಕ್ಟರಿಲ್ಲದ ದವಾಖಾನೆಗಳಲ್ಲಿ, ಹತ್ತು ವರ್ಷಕ್ಕೆ ಮೇಲೆ ಸೇವೆಯಾದ ಕಾಂಪೌಂಡರು, ಯುದ್ಧ ಮುಗಿಯುವ ತನಕ, ಚಳಿಜ್ವರಕ್ಕೆ ಕ್ವಿನೈನ್ ಮಿಕ್ಸ್ಚರನ್ನು ತಾವೇ ಚೀಟಿ ಬರೆದು ಕೊಡಬಹುದು.

ಮರಿಸಿದ್ದಯ್ಯ ಆರ್ಡರನ್ನು ತಿರುವಿ ಹಿಂಬದಿಯನ್ನೂ ನೋಡಿದ.

"ಚೀಟಿ ಬರಿಯೋನು ಯಾರು?"

"ನೀನೇ."

"ಔಸ್ತಿ ಕೊಡೋನು?"

"ನೀನೇ."

"ಇಬ್ರೂ ನಾನೇ ಆಗೋದ್ರೆ, ತಪ್ಪಾದಾಗ ಯಾರ ಮ್ಯಾಲ್ ಆಕದು ಮೇಷ್ಟ್ರೆ?"

ಆಡಳಿತದ ವಿಷಯವಾಗಿ ಇಷ್ಟು ಆಳವಾದ ಪ್ರಶ್ನೆಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಸುದ್ದಿ ಕೇಳಿ ಊರು ದಂಗಾಯಿತು. ಮುರಿದ ಮೂಳೆ ಕಟ್ಟುವ ಚೌಡಯ್ಯ ನನ್ನ ಸ್ಕೂಲಿಗೇ ನುಗ್ಗಿದ. "ಮರಿಸಿದ್ದ ಬರೀಬೋದು, ನಾನ್ಯಾಕ್ ಬರೀಬಾರ್ದು? ನಂಗೂ ಒಂದು ಆರ್ಡ್ರು ತರ್ಸಿಕೊಡಿ ಮೇಷ್ಟ್ರೆ."

"ನಿನಗೆ ಓದು ಬರಹ ಬರುವುದಿಲ್ಲವಲ್ಲೋ."

"ಮೂಳೆ ಕೂಡ್ಸಕೆ ಅಕ್ಸರ ಯಾಕೆ?"

ಅವನ ಹಿಂದೆಯೇ ಸೂಲಗಿತ್ತಿ ಚಿಕ್ಕಬೋರಮ್ಮ ಬಂದಳು. "ಅವ್ನು ಬರೀ ಸೀಸೆ ತುಂಬ್ಸೋನು ಕಣಪ್ಪ. ಈ ಊರ್ನಾಗೆ ಅರ್ಧ ಜನ ನನ್ ಕೈಮ್ಯಾಲೆ ಭೂಮಿಗೆ ಬಿದ್ದವ್ರೆ. ಮರಿಸಿದ್ದಯ್ನೂವೆ! ಉಟ್ಟಾಗ ಅವ್ನು ಉಸ್ರೇ ಆಡ್ನಿಲ್ಲ, ಕುಂಡಿ ಮ್ಯಾಲ್ ಎಲ್ಡ್ ಬುಟ್ಟೆ ನೋಡು, ಆಗ ಆಡ್ದ. ಸರ್ಕಾರಕ್ಕೆ ಇದ ಬರೀರಿ." ಇಬ್ಬರಿಗೂ ಅರ್ಜಿ ಬರೆದುಕೊಟ್ಟೆ. ಕುಂಡಿಯ ವಿಷಯ ಮಾತ್ರ ಬಿಟ್ಟೆ.

ತನ್ನ ಸಂಕಟಕ್ಕೆ ಮರಿಸಿದ್ದಯ್ಯ ತಾನೇ ಒಂದು ದಾರಿ ಕಂಡುಕೊಂಡ. ಡಾಕ್ಟರು ಬಿಟ್ಟುಹೋಗಿದ್ದ ಕರಿ ಕೋಟು ತೊಟ್ಟು ಡಾಕ್ಟರ ಕುರ್ಚಿಯಲ್ಲಿ ಕೂತು ಚೀಟಿ ಬರೆಯುವುದು. ಆಮೇಲೆ ಎದ್ದು, ಕೋಟು ಬಿಚ್ಚಿ ಗೂಟಕ್ಕೆ ನೇತುಹಾಕಿ, ಜಗಲಿ ಸುತ್ತಿಕೊಂಡು ಔಷಧಿ ಕೋಣೆಗೆ ಹೋಗಿ, ಕಿಟಕಿಯಿಂದ ಕೈ ಚಾಚಿ, "ಚೀಟಿ ಎಲ್ಲಿ?" ಎಂದು ಕೇಳುವುದು.

"ಈಗ ನೀನೇ ಕೊಟ್ಟಲ್ಲಪ್ಪ!"

"ಕೊಟ್ಟಿದ್ದು ಕುರ್ಚಿ. ಇದು ಕಿಟ್ಕಿ. ಚೀಟಿ ತಾ."

ಒಂದು ಸಲ ಚೀಟಿಗೆ ತಾರೀಖು ಹಾಕಿಲ್ಲವೆಂದು ಕಿಟಕಿಯ ಮರಿಸಿದ್ದಯ್ಯ ಗರಂ ಆಗಿ ರೋಗಿಯನ್ನು ಕುರ್ಚಿಯ ಮರಿಸಿದ್ದಯ್ಯನ ಬಳಿಗೆ ವಾಪಸು ಕಳಿಸಿದ. ರೋಗಿ ಒಳಗೆ ಹೋಗುವಷ್ಟರಲ್ಲಿ ಇವನೂ ಓಡಿಹೋಗಿ ಕೋಟು ತೊಟ್ಟು ಕೂತಿದ್ದ. ಇನ್ನೊಂದು ನಿಯಮ ಮಾಡಿಕೊಂಡಿದ್ದ: ಕುರ್ಚಿಯಲ್ಲಿ ಕೂತಾಗ ರೋಗಿಯ ಮುಖ ನೋಡಕೂಡದು. ಮುಖ ನೋಡಿದರೆ ದಾಕ್ಷಿಣ್ಯ ಬರುತ್ತದೆ, ನಾಲಿಗೆಗೆ ದಾಕ್ಷಿಣ್ಯವಿಲ್ಲ. ತಲೆ ತಗ್ಗಿಸಿಕೊಂಡೇ "ಎಸ್ರು?" ಎನ್ನುತ್ತಿದ್ದ, ಬರೆದುಕೊಳ್ಳುತ್ತಿದ್ದ, "ನಾಲ್ಗೆ" ಎನ್ನುತ್ತಿದ್ದ, ಕಣ್ಣನ್ನು ನಾಲಿಗೆಯ ತನಕ ಎತ್ತಿ ಅಲ್ಲಿಗೇ ನಿಲ್ಲಿಸುತ್ತಿದ್ದ.

ಮೊದಲ ರೋಗಿ ಊರ ಯಜಮಾನ ಬೆಟ್ಟಯ್ಯ. ನಿಜವಾದ ಜ್ವರವೇ. ಸೀಸೆ ತುಂಬಿಸಿಕೊಂಡು ಕಿಟಕಿಯಲ್ಲೇ ನಿಂತ. "ಪಥ್ಯ ಯೋಳ್ಲಿಲ್ವಲ್ಲ?"

"ಪಥ್ಯದ ವಿಚಾರ ಆರ್ಡ್ರಲ್ಲಿ ಇಲ್ಲ ಬೆಟ್ಟಯ್ಯಣ್ಣ."

"ಪಥ್ಯ ಇಲ್ದಿದ್ ಮ್ಯಾಲೆ ಅದ್ಯಾವ ಸೀಮೆ ಔಸ್ತಿಲಾ! ನೀರ್ ಕುಡುದ್ರೂ ಒಂದೇ, ಇದ್ ಕುಡುದ್ರೂ ಒಂದೇ." ಬೆಟ್ಟಯ್ಯ ಸೀಸೆಯನ್ನು ಕಿಟಕಿಯಲ್ಲೇ ಇಟ್ಟು ಹೊರಟೇಬಿಟ್ಟ.

ಮರಿಸಿದ್ದಯ್ಯ ಅವನನ್ನು ಕೂಗಿ ನಿಲ್ಲಿಸಿದ. ಕುರ್ಚಿಗೆ ಓಡಿದ. ಹಿಂದೆ ಡಾಕ್ಟರು ಏನು ಬರೆಯುತ್ತಿದ್ದರೆಂದು ನೆನೆಸಿಕೊಂಡು, ಚೀಟಿಯ ಕೆಳಗೆ "ಪಥ್ಯ: ಅಕ್ಕಿ ಗಂಜಿ" ಎಂದು ಬರೆದು ದವಾಖಾನೆಯ ಮೊಹರು ಒತ್ತಿದ. ಬೆಟ್ಟಯ್ಯ ತೃಪ್ತನಾಗಿ ನೇರ ರೇಷನ್ ಡಿಪೋಕ್ಕೆ ನಡೆದ.

ಈಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮ ಗದ್ದೆಯ ಭತ್ತವೆಲ್ಲ ಆಗ ಲೆವಿ ಎಂದು ಸರ್ಕಾರಕ್ಕೆ ಹೋಗುತ್ತಿತ್ತು, ಡಿಪೋದಲ್ಲಿ ನಮಗೆ ಸಿಗುತ್ತಿದ್ದದ್ದು ಮುಗ್ಗಲು ರಾಗಿ. ಅಕ್ಕಿ ಬೆಳೆದವರು ಅಕ್ಕಿಯ ಮುಖ ಕಂಡು ವರ್ಷವಾಗಿತ್ತು. ಆದರೆ ಡಿಪೋದ ಗೋಡೆಗೆ ಒಂದು ನಿಯಮ ಬಡಿದಿದ್ದರು: ಕಾಯಿಲೆಯವರು ಪಥ್ಯದ ಚೀಟಿ ತಂದರೆ ರಾಗಿಯ ಬದಲು ಅಕ್ಕಿ. ಡಿಪೋ ನೋಡಿಕೊಳ್ಳುತ್ತಿದ್ದ ಕೆಂಪಸಿದ್ದಯ್ಯ ಚೀಟಿಯನ್ನು ಬೆಳಕಿಗೆ ಹಿಡಿದ, ಮೊಹರನ್ನು ಉಗುರಿನಿಂದ ಕೆರೆದ, ಬೆಟ್ಟಯ್ಯನ ಹಣೆ ಮುಟ್ಟಿದ. ಬೇರೆ ದಾರಿ ಕಾಣದೆ ಅಕ್ಕಿ ಅಳೆದ.

ಆ ಮಧ್ಯಾಹ್ನ ಬೆಟ್ಟಯ್ಯನ ಮನೆಯಿಂದ ಅನ್ನ ಬಸಿಯುವ ವಾಸನೆ ಬೀದಿಗೆ ಬಂತು. ಊರಿಗೆ ಊರೇ ಬೀದಿಯಲ್ಲಿ ಮೂಗೆತ್ತಿಕೊಂಡು ನಿಂತಿತು.

ಮಾರನೆಯ ದಿನ ದವಾಖಾನೆಯ ಮುಂದೆ ಹನ್ನೊಂದು ಜನ. ವಾರ ಕಳೆಯುವಷ್ಟರಲ್ಲಿ ಸಾಲು ಮೋಟುಗೋಡೆ ಹಾರಿ ನಮ್ಮ ಸ್ಕೂಲಿನ ಒಳಕ್ಕೆ ಬಂತು. ಮಳವಳ್ಳಿ ಕಡೆಯ ನೆಂಟರೆಲ್ಲ ಜ್ವರ ತೋರಿಸಲು ನಮ್ಮೂರಿಗೇ ಬಂದಿಳಿದರು. ನಾಲಿಗೆ ತೋರಿಸುವುದು, ಚೀಟಿ ತೆಗೆದುಕೊಳ್ಳುವುದು, ಸೀಸೆ ತುಂಬಿಸಿಕೊಳ್ಳುವುದು, ಅದನ್ನು ಹೊಂಗೆಮರದ ಬುಡಕ್ಕೆ ಚೆಲ್ಲಿ ಡಿಪೋಕ್ಕೆ ಓಡುವುದು. ಆ ಮರಕ್ಕೆ ಬಿದ್ದ ಕ್ವಿನೈನಿಗೆ ಅದರ ಮೊಮ್ಮಕ್ಕಳಿಗೂ ಚಳಿಜ್ವರ ಬರಲಾರದು.

ಪಾಪ, ಇದೊಂದೂ ಗೊತ್ತಿಲ್ಲದವನು ಮರಿಸಿದ್ದಯ್ಯ ಒಬ್ಬನೇ. ಅವನು ಕುರ್ಚಿ ಬಿಟ್ಟರೆ ಕಿಟಕಿ, ಕಿಟಕಿ ಬಿಟ್ಟರೆ ಕುರ್ಚಿ. ಒಂದು ಸಂಜೆ ಬಂದು ಬಲಗೈಯನ್ನು ನನ್ನ ಮೂಗಿನ ಹತ್ತಿರ ಹಿಡಿದ.

"ಇದ ನೋಡಿ ಮೇಷ್ಟ್ರೆ."

"ಏನಿದೆ?"

"ಕೈಗುಣ! ಡಾಕ್ಟ್ರು ಇದ್ದಾಗ ದಿನಕ್ಕೆ ಆರು ಜನ ಬತ್ತಿದ್ರಾ? ಈಗ ನೋಡಿ! ಒಬ್ನಾದ್ರೂ ಗುಣ ಆಗ್ನಿಲ್ಲ ಅಂದವ್ನೆ? ಎಲ್ರೂ ಮೂರೇ ದಿನಕ್ಕೆ ಗುಂಡ್ಕಲ್ನಂಗೆ ಆಯ್ತಾವ್ರೆ. ನನ್ ಹೆಂಡ್ರೂ ಇತ್ತೀಚ್ಗೆ ಅನ್ನ ಮಾಡಿ ಬಡಿಸ್ತಾವ್ಳೆ. ಎಲ್ಲಿಂದ್ಲಾದ್ರೂ ಕಾಣ್ಕೆ ಬಂದಿರ್ಬೇಕು."

ನಾನು ನಿಜ ಹೇಳಿಬಿಡಬೇಕಾಗಿತ್ತು. ಹೇಳಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನಾನೂ ಎರಡು ಸಲ ನಾಲಿಗೆ ತೋರಿಸಿ ಬಂದಿದ್ದೆ. ಮೇಷ್ಟ್ರೂ ಮನುಷ್ಯನೇ.

ಒಂದು ಸೋಮವಾರ ಮಧ್ಯಾಹ್ನ ದವಾಖಾನೆಯ ಮುಂದೆ ಜಟಕಾ ನಿಂತಿತು. ಸಾಲಿನಲ್ಲಿದ್ದವರು ಹೇಗೆ ಮಾಯವಾದರೋ ನನಗೆ ಇವತ್ತಿಗೂ ತಿಳಿಯದು. ಜಟಕಾದಿಂದ ಇಳಿದವರು ಧಾನ್ಯದ ತನಿಖೆಗೆಂದೇ ನೇಮಕವಾಗಿದ್ದ ಸ್ಪೆಷಲ್ ಅಮಲ್ದಾರರು. ಹದಿನೈದು ದಿನದಿಂದ ಮದ್ದೂರಿನ ಬಂಗಲೆಯಲ್ಲಿ ಬೀಡು ಬಿಟ್ಟಿದ್ದರು. ಕಂಕುಳಲ್ಲಿ ಚೀಟಿಗಳ ದೊಡ್ಡ ಕಟ್ಟು. ಓದಿ ಸಾಕ್ಷಿ ಹಾಕಲೆಂದು ನನ್ನನ್ನೂ ಕರೆಸಿದರು.

"ಈ ಊರಿನ ಜನಸಂಖ್ಯೆ ಎಷ್ಟು?"

"ಇನ್ನೂರ ಎಂಬತ್ತು ಸ್ವಾಮಿ" ಎಂದೆ.

"ಚಳಿಜ್ವರ ಬಂದಿರುವುದು ಮುನ್ನೂರ ಹದಿನೇಳು ಜನಕ್ಕೆ. ನಾನು ದಾರಿಯುದ್ದಕ್ಕೂ ನೋಡಿಕೊಂಡು ಬಂದೆ. ಒಬ್ಬನೂ ಮಲಗಿಲ್ಲ. ಎಲ್ಲರೂ ಗದ್ದೆಯಲ್ಲಿದ್ದಾರೆ, ಹಾಡು ಹೇಳುತ್ತಿದ್ದಾರೆ!"

ಮರಿಸಿದ್ದಯ್ಯ ವಿನಯದಿಂದ ತನ್ನ ಬಲಗೈ ನೋಡಿಕೊಂಡ. "ಅದು ಸ್ವಾಮಿ... ನನ್ ಬಾಯಿಂದ ನಾನೇ ಯೋಳ್ಕೋಬಾರ್ದು..."

ಅಮಲ್ದಾರರು ಕಟ್ಟು ಬಿಚ್ಚಿ ಒಂದೊಂದೇ ಓದಿದರು. "ಕರಿಸಿದ್ದಯ್ಯ, ಚಳಿಜ್ವರ, ಅಕ್ಕಿ ಗಂಜಿ. ದೊಡ್ಡತಾಯಮ್ಮ, ಚಳಿಜ್ವರ, ಅಕ್ಕಿ ಗಂಜಿ. ಇಂದ್ರಮ್ಮ, ಕೋಂ ಮರಿಸಿದ್ದಯ್ಯ, ಚಳಿಜ್ವರ, ಅಕ್ಕಿ ಗಂಜಿ. ಇದೇ ಹೆಸರು ನಾಲ್ಕು ಸಲ. ಈ ಮರಿಸಿದ್ದಯ್ಯ ಯಾರು?"

ಮರಿಸಿದ್ದಯ್ಯನ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ನಾಲ್ಕು ಸಲ ಸ್ವಂತ ಹೆಂಡತಿಯ ಹೆಸರು ಬರೆದು, ನಾಲ್ಕು ಸಲ ಅವಳ ನಾಲಿಗೆ ಪರೀಕ್ಷೆ ಮಾಡಿದ್ದ! ಹದಿನೆಂಟು ವರ್ಷದ ಸಂಸಾರದಲ್ಲಿ ಅತಿ ಹೆಚ್ಚು ಬಳಕೆಯಾದ ನಾಲಿಗೆ ಅದು, ಅದರ ಗುರುತೂ ಸಿಕ್ಕಿರಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದ ಇಂದ್ರಮ್ಮ, "ನಮ್ಮವ್ವನ್ ಕೈಲಿ ಚೀಟಿ ತಕಬನ್ನಿ ಅಂದ್ರಲ್ಲ, ನಾನ್ ತಕಬಂದೆ" ಎಂದಳು.

ಅಮಲ್ದಾರರು ಅವನನ್ನು ತಾವು ಬರುವಾಗಲೇ ಗಮನಿಸಿದ್ದ ಹೊಂಗೆಮರದ ಬುಡಕ್ಕೆ ಕರೆದೊಯ್ದು ತೋರಿಸಿದರು. ಮಣ್ಣು ಹಳದಿ ತಿರುಗಿತ್ತು. ಮರಿಸಿದ್ದಯ್ಯ ಬಗ್ಗಿ ಮಣ್ಣು ಮುಟ್ಟಿ ನಾಲಿಗೆಗೆ ಹಚ್ಚಿಕೊಂಡ. ಕಹಿ. ಅವನ ಬಲಗೈ ತಾನಾಗಿಯೇ ಜೋತುಬಿತ್ತು. "ಎಲ್ಲಾನೂವೆ ಇಲ್ಗೇ ಸುರುದ್ರಾ?" ಎಂದು ನನ್ನ ಮುಖ ನೋಡಿದ. ನಾನು ಮರ ನೋಡಿದೆ. ಅಂಥ ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಒಳಗೆ ಬಂದ ಅಮಲ್ದಾರರು ಚೀಟಿ ಬುಕ್ಕನ್ನೂ ಮಿಕ್ಕಿದ್ದ ಅರ್ಧ ಜಾಡಿ ಮಿಕ್ಸ್ಚರನ್ನೂ ಬೀರುವಿಗೆ ಹಾಕಿ, ಬಾಗಿಲಿಗೆ ಅರಗಿನ ಮುದ್ರೆ ಒತ್ತಿದರು. "ಮುಂದಿನ ಹುಕುಂ ಬರುವವರೆಗೂ ಇಲ್ಲಿ ಯಾರೂ ಚೀಟಿ ಬರೆಯಕೂಡದು. ಕಾಂಪೌಂಡರಿಗೆ ಕೊಟ್ಟಿರುವ ಹಕ್ಕನ್ನು ಪೂರ್ತಿ ರದ್ದು ಮಾಡಬೇಕೆಂದು ಈಗಲೇ ವರದಿ ಬರೆಯುತ್ತೇನೆ." ಹಾಗೆಂದು ಡಾಕ್ಟರ ಕುರ್ಚಿಯಲ್ಲಿ ಕೂತು ದಪ್ಪನೆಯ ಕಾಗದ ತೆಗೆದರು.

ಎರಡು ಸಾಲು ಬರೆದಿರಬಹುದು. ಅಷ್ಟರಲ್ಲಿ ದೇವಯ್ಯ ಹೆಂಡತಿ ಮಲ್ಲಿಗಮ್ಮನನ್ನು ಎತ್ತಿಕೊಂಡು ಬಂದ. ಜೊತೆಯಲ್ಲಿ ಚಿಕ್ಕಬೋರಮ್ಮ, ಕೈಯಲ್ಲಿ ಒಂದು ಸೀಸೆ. ಮಲ್ಲಿಗಮ್ಮ ಹನ್ನೆರಡು ದಿನದ ಬಾಣಂತಿ. ಮೂರು ಕಂಬಳಿಯೊಳಗೆ ಕುದಿವ ಮಡಕೆಯ ಮುಚ್ಚಳದ ಹಾಗೆ ಅದುರುತ್ತಿದ್ದಳು.

"ಔಸ್ತಿ ಆಕಿ ಸಿದ್ದಯ್ಯಣ್ಣ" ಎಂದ ದೇವಯ್ಯ.

ಮರಿಸಿದ್ದಯ್ಯ ಬೀರು ತೋರಿಸಿದ. "ಮುದ್ರೆ ಬಿದ್ದದೆ ಕಣಪ್ಪ."

"ಮಂಡ್ಯಕ್ಕೆ ಕರೆದುಕೊಂಡು ಹೋಗಿ" ಎಂದರು ಅಮಲ್ದಾರರು, ತಲೆ ಎತ್ತದೆ.

"ಓಗಿದ್ದೆ ಬುದ್ಧಿ. ಆ ದಾರಿ ನಂಗ್ ಗೊತ್ತು. ನಾನು ಗಂಡ್ಸು, ಅರ್ಧ ಆದ್ರೂ ಬಂದೆ. ಇವ್ಳು ಬರಕಿಲ್ಲ."

ಆರ್ಡರು ಬಂದ ಮೇಲೆ ಮರಿಸಿದ್ದಯ್ಯ ಆವತ್ತು ಮೊದಲನೆಯ ಸಲ ರೋಗಿಯ ಮುಖವನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಬೀರುವಿನ ಹತ್ತಿರ ಹೋಗಿ, ಬೆರಣಿ ಮುರಿಯುವಷ್ಟು ಸಲೀಸಾಗಿ ಅರಗಿನ ಮುದ್ರೆಯನ್ನು ಟಪಕ್ಕನೆ ಮುರಿದ.

ಇಂದ್ರಮ್ಮ ಬಾಯಿಗೆ ಸೆರಗು ತುರುಕಿಕೊಂಡಳು.

"ಸರ್ಕಾರಿ ಮುದ್ರೆ! ಇದಕ್ಕೆ ಜೈಲು, ಗೊತ್ತೇನಯ್ಯಾ?" ಅಮಲ್ದಾರರು ಗುಡುಗಿದರು.

"ಗೊತ್ತು ಸ್ವಾಮಿ. ಅದ್ನೂ ಬರ್ಕೊಳಿ. ಸ್ವಲ್ಪ ಎದ್ದೇಳಿ, ಕುರ್ಚಿ ಬೇಕು."

ಅಮಲ್ದಾರರು ಎಷ್ಟು ಬೆಚ್ಚಿದರೆಂದರೆ ಎದ್ದೇಬಿಟ್ಟರು. ಮರಿಸಿದ್ದಯ್ಯ ಕೋಟು ತೊಟ್ಟ, ಕೂತ, ಚೀಟಿ ಬರೆದ, ತಾರೀಖನ್ನೂ ಹಾಕಿದ. ಜೈಲಿಗೆ ಹೋಗುವವನು ಕೋಟು ಬಿಚ್ಚಿ ಗೂಟಕ್ಕೆ ಹಾಕುವುದನ್ನು ಮರೆಯಲಿಲ್ಲ, ಜಗಲಿ ಸುತ್ತುವುದನ್ನೂ ಬಿಡಲಿಲ್ಲ. ಕಿಟಕಿಯಿಂದ ಕೈ ಬಂತು. "ಚೀಟಿ ಎಲ್ಲಿ?"

ಚಿಕ್ಕಬೋರಮ್ಮ ಚೀಟಿ ಕೊಟ್ಟಳು. ಒಂದು ಗುಟುಕನ್ನು ಮಲ್ಲಿಗಮ್ಮನಿಗೆ ಅಲ್ಲೇ ಕುಡಿಸಿ, ತಂದಿದ್ದ ಸೀಸೆ ತುಂಬಿಸಿಕೊಂಡಳು.

ಅಮಲ್ದಾರರು ನಿಂತಲ್ಲೇ ನಡುಗುತ್ತಿದ್ದರು. ಕೈಯಲ್ಲಿದ್ದ ಪೆನ್ನು ಗಾಳಿಯಲ್ಲಿ ಏನೇನೋ ಬರೆಯುತ್ತಿತ್ತು. ಕೋಪದಿಂದ ಇಷ್ಟು ನಡುಗುವವರು ಎಷ್ಟು ವರ್ಷ ಜೈಲು ಹಾಕಿಸಬಹುದೆಂದು ನಾನು ಲೆಕ್ಕ ಹಾಕುತ್ತಿದ್ದೆ. ಚಿಕ್ಕಬೋರಮ್ಮ ನೇರ ಹೋಗಿ ಅಮಲ್ದಾರರ ಹಣೆಯ ಮೇಲೆ ಅಂಗೈ ಇಟ್ಟಳು. ಮೈಸೂರು ಸಂಸ್ಥಾನದಲ್ಲಿ ಅಂಥದು ಹಿಂದೆಂದೂ ನಡೆದಿರಲಾರದು.

"ಕ್ವಾಪ ಅಲ್ಲ ಕಣ್ರಪ್ಪ ಇದು. ಚಳಿ! ಬಂಗ್ಲೆ ಸೊಳ್ಳೆ ಕಚ್ಚದೆ. ಕಂಬ್ಳಿ ತನ್ನಿ!"

ಮಲ್ಲಿಗಮ್ಮನ ಮೂರು ಕಂಬಳಿಯಲ್ಲಿ ಒಂದು ಅಮಲ್ದಾರರಿಗೆ ಬಂತು. ಬೆಂಚಿನ ಆ ತುದಿಯಲ್ಲಿ ಬಾಣಂತಿ, ಈ ತುದಿಯಲ್ಲಿ ಸರ್ಕಾರ. ಎರಡೂ ಕಡೆ ಹಲ್ಲು ಕಟಕಟ. ಸ್ವಲ್ಪ ಹೊತ್ತಿನ ಮೇಲೆ ಕಂಬಳಿಯೊಳಗಿಂದ ಸಣ್ಣ ದನಿ ಬಂತು.

"ಕಾಂಪೌಂಡರೇ... ನನಗೂ... ಒಂದು ಚೀಟಿ."

ಮರಿಸಿದ್ದಯ್ಯ ಮತ್ತೆ ಜಗಲಿ ಸುತ್ತಿ ಬಂದ, ಕೋಟು ತೊಟ್ಟ. "ಎಸ್ರು?" ಅಮಲ್ದಾರರು ಹೇಳಿದರು. "ನಾಲ್ಗೆ." ಅಮಲ್ದಾರರು ನಾಲಿಗೆ ಚಾಚಿದರು. ಚೀಟಿ ಬರೆದು ಕೈಗೆ ಕೊಟ್ಟ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು:

"ಪಥ್ಯ ಏನ್ರೀ?"

ಬಾಗಿಲಲ್ಲಿ ಇಣುಕುತ್ತಿದ್ದ ಬೆಟ್ಟಯ್ಯ ನನ್ನ ತೋಳು ಹಿಡಿದುಕೊಂಡ. ಕೇಳಿದ ಮೇಲೆ ಅಮಲ್ದಾರರಿಗೂ ತಾವು ಕೇಳಿದ್ದು ಏನೆಂದು ಹೊಳೆಯಿತು. ಕಂಬಳಿಯನ್ನು ಮುಖದ ತನಕ ಎಳೆದುಕೊಂಡರು. ಮರಿಸಿದ್ದಯ್ಯ ಚೀಟಿಯನ್ನು ವಾಪಸು ಇಸಿದುಕೊಂಡು ನಿಧಾನವಾಗಿ ಬರೆದ. ಬರೆದುದನ್ನು ಗಟ್ಟಿಯಾಗಿ ಓದಿದ.

"ಪಥ್ಯ: ರಾಗಿ ಮುದ್ದೆ, ಸೊಪ್ಪಿನ ಬಸ್ಸಾರು." ಆಮೇಲೆ ಬಾಗಿಲ ಕಡೆ ತಿರುಗಿ, "ಇನ್ಮ್ಯಾಲೆ ಎಲ್ರಿಗೂ ಇದೇ ಕಣ್ರಲಾ ಪಥ್ಯ. ಬಾಣಂತೀರ್ಗೆ ಮಾತ್ರ ಅಕ್ಕಿ" ಎಂದ. ಬಾಗಿಲಲ್ಲಿ ನಿಂತಿದ್ದ ಅರ್ಧ ಜನಕ್ಕೆ ಆ ಕ್ಷಣದಲ್ಲೇ ಜ್ವರ ವಾಸಿಯಾಯಿತು.

ಅಮಲ್ದಾರರಿಗೆಂದು ಇಂದ್ರಮ್ಮ ಮನೆಯಿಂದ ತಂದ ಸೀಸೆಯೂ ಕಿಟಕಿಯಲ್ಲಿ ತುಂಬಿತು. ಎರಡು ಸೀಸೆ, ಎರಡಕ್ಕೂ ಬಿರಡೆ ಇಲ್ಲ. ಚಿಕ್ಕಬೋರಮ್ಮ ಸುತ್ತ ನೋಡಿದಳು. ಮೇಜಿನ ಮೇಲೆ ಒಂದು ದಪ್ಪನೆಯ ಕಾಗದ ಇತ್ತು. ಪರ್ರೆಂದು ಮಧ್ಯಕ್ಕೆ ಹರಿದು, ಅರ್ಧವನ್ನು ಸುರುಳಿ ಸುತ್ತಿ ಮಲ್ಲಿಗಮ್ಮನ ಸೀಸೆಗೆ ತುರುಕಿದಳು, ಇನ್ನರ್ಧವನ್ನು ಅಮಲ್ದಾರರ ಸೀಸೆಗೆ. ಅವಳಿಗೆ ಓದಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು, ಆದರೆ ಬಾಯಿ ಬರಲಿಲ್ಲ. ಅಮಲ್ದಾರರ ಸೀಸೆಯ ಬಾಯಿಂದ ಹೊರಗೆ ಚಾಚಿದ್ದ ತುದಿಯಲ್ಲಿ "ಹಕ್ಕನ್ನು ಪೂರ್ತಿ ರದ್ದು" ಎಂಬ ಅಕ್ಷರಗಳು ಎದ್ದು ಕಾಣುತ್ತಿದ್ದವು.

ಅಮಲ್ದಾರರು ಸೀಸೆ ಇಸಿದುಕೊಂಡರು. ಬಿರಡೆ ನೋಡಿದರು. ಕಣ್ಣು ದೊಡ್ಡದಾಯಿತು. ಬೆಂಚಿನ ಆ ತುದಿಯಲ್ಲಿದ್ದ ಇನ್ನೊಂದು ಸೀಸೆ ನೋಡಿದರು, ಅದನ್ನು ಎದೆಗೆ ಅವುಚಿಕೊಂಡಿದ್ದ ಮಲ್ಲಿಗಮ್ಮನನ್ನು ನೋಡಿದರು. ಮರಿಸಿದ್ದಯ್ಯ ಜೈಲಿಗೆ ಹೊರಡಲೆಂದು ಕೋಟಿಲ್ಲದೆ, ಕೈ ಕಟ್ಟಿಕೊಂಡು ಕಿಟಕಿಯಲ್ಲಿ ನಿಂತಿದ್ದ.

ಅಮಲ್ದಾರರು ಸೀಸೆಯನ್ನು ಚಿಕ್ಕಬೋರಮ್ಮನ ಕೈಗೆ ವಾಪಸು ಕೊಟ್ಟರು.

"ಇನ್ನೂ ಸ್ವಲ್ಪ ಗಟ್ಟಿಯಾಗಿ ತುರುಕಮ್ಮ" ಎಂದರು. "ದಾರಿಯಲ್ಲಿ ಚೆಲ್ಲೀತು."